ಲಿಂಕ್ ಒತ್ತಿದರೆ ಕಮಿಷನ್ ಯಾರಿಗೆ? ಅಫಿಲಿಯೇಟ್ ಮಾರ್ಕೆಟಿಂಗ್‌ನ ನ್ಯಾಯ, ಅನ್ಯಾಯ

ಹೊಸ ಮಿಕ್ಸಿ ಕೊಳ್ಳಬೇಕು ಅಂದುಕೊಂಡಾಗ ನಮ್ಮಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಯೂಟ್ಯೂಬ್‌ನಲ್ಲಿ ಒಂದೆರಡು ವಿಡಿಯೋ ನೋಡುವುದು. ವಿಡಿಯೋದ ಕೊನೆಗೆ ‘ಲಿಂಕ್ ಡಿಸ್ಕ್ರಿಪ್ಷನ್‌ನಲ್ಲಿ ಕೊಟ್ಟಿದ್ದೇನೆ, ಬೇಕಾದವರು ತಗೊಳ್ಳಿ’ ಎನ್ನುವ ಮಾತು ಬಂದೇ ಬರುತ್ತದೆ. ಆ ಲಿಂಕ್‌ಗಳ ಬಗ್ಗೆ ಎರಡು ಬಗೆಯ ನಂಬಿಕೆಗಳಿವೆ. ‘ಅದನ್ನು ಒತ್ತಬೇಡಿ, ಅದರ ಮೂಲಕ ಕೊಂಡರೆ ಬೆಲೆ ಜಾಸ್ತಿ, ಎಲ್ಲ ಮೋಸ’ ಎನ್ನುವವರು ಕೆಲವರು. ‘ಅವರಿಗೆ ನಾಲ್ಕು ಕಾಸು ಸಿಕ್ಕರೆ ನಮಗೇನು ನಷ್ಟ?’ ಎನ್ನುವವರು ಇನ್ನು ಕೆಲವರು. ಎರಡೂ ಪೂರ್ತಿ ಸರಿಯಲ್ಲ. ಯಾಕೆ ಎಂದು ತಿಳಿಯಲು ಆ ಲಿಂಕ್ ಹೇಗೆ ಕೆಲಸ ಮಾಡುತ್ತದೆ ಎನ್ನುವುದನ್ನು ಮೊದಲು ನೋಡೋಣ.

ಒಂದು ಕ್ಲಿಕ್‌ನ ಹಿಂದೆ

ಅಫಿಲಿಯೇಟ್ ಮಾರ್ಕೆಟಿಂಗ್ ಎಂದರೆ ಸರಳವಾಗಿ ಹೇಳುವುದಾದರೆ ಗಿರಾಕಿಯನ್ನು ಅಂಗಡಿಗೆ ಕಳಿಸಿದವರಿಗೆ ಅಂಗಡಿಯವರು ಕೊಡುವ ಕಮಿಷನ್. ಅಮೆಜಾನ್ 1996ರಲ್ಲೇ ಇಂಥ ಯೋಜನೆ ಶುರುಮಾಡಿತು. ಇದರಲ್ಲಿ ಸೇರಿದ ಪ್ರತಿಯೊಬ್ಬರಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅವರು ಕೊಡುವ ಲಿಂಕ್‌ನ ಒಳಗೇ ಆ ಸಂಖ್ಯೆ ಅಡಗಿರುತ್ತದೆ.

ನೀವು ಲಿಂಕ್ ಒತ್ತಿದಾಗ ಆ ಗುರುತು ‘ಕುಕಿ’ ಎಂಬ ಪುಟ್ಟ ಕಡತವಾಗಿ ನಿಮ್ಮ ಬ್ರೌಸರ್‌ನಲ್ಲಿ ಉಳಿಯುತ್ತದೆ. ನೀವು ಹಣ ಪಾವತಿಸುವಾಗ ಅಂಗಡಿಯ ತಾಣ ‘ಈ ಗಿರಾಕಿಯನ್ನು ಕಳಿಸಿದವರು ಯಾರು?’ ಎಂದು ಕುಕಿಯನ್ನು ನೋಡಿ ಕಮಿಷನ್ ಲೆಕ್ಕ ಹಾಕುತ್ತದೆ. ಇದಕ್ಕೊಂದು ಅವಧಿಯೂ ಇದೆ. ಅಮೆಜಾನ್‌ನಲ್ಲಿ ಸಾಮಾನ್ಯವಾಗಿ 24 ಗಂಟೆ, ಬೇರೆ ಕೆಲವು ಕಡೆ ಹಲವು ದಿನಗಳು. ಇಬ್ಬರು ಮೂವರ ಲಿಂಕ್ ಒತ್ತಿದ್ದರೆ? ಹೆಚ್ಚಿನ ಕಡೆ ಕೊನೆಯ ಕ್ಲಿಕ್ ಯಾರದ್ದೋ ಅವರಿಗೇ ಪೂರ್ತಿ ಕಮಿಷನ್. ಈ ನಿಯಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

3,000 ರೂಪಾಯಿಯ ಮಿಕ್ಸಿಗೆ ಶೇ. 5 ಕಮಿಷನ್ ಎಂದಿಟ್ಟುಕೊಳ್ಳೋಣ. ವಿಡಿಯೋ ಮಾಡಿದವರಿಗೆ 150 ರೂಪಾಯಿ ಸಿಗುತ್ತದೆ. ನೀವು ಕೊಡುವುದು ಸಾಮಾನ್ಯವಾಗಿ ಅದೇ 3,000. ಆ 150 ರೂಪಾಯಿ ಮಾರುವವರ ಜಾಹೀರಾತಿನ ಖರ್ಚಿನಿಂದ ಹೋಗುತ್ತದೆ. ಹಾಗಾಗಿ ‘ಲಿಂಕ್ ಒತ್ತಿದರೆ ಬೆಲೆ ಹೆಚ್ಚು’ ಎಂಬ ಮಾತು ಸಾಮಾನ್ಯವಾಗಿ ನಿಜವಲ್ಲ. ಅನುಮಾನವಿದ್ದರೆ ಅದೇ ವಸ್ತುವನ್ನು ಬೇರೆ ಬ್ರೌಸರ್‌ನಲ್ಲಿ ನೇರವಾಗಿ ಹುಡುಕಿ ಬೆಲೆ ಹೋಲಿಸಿ ನೋಡಬಹುದು.

ಕಮಿಷನ್ ಪಡೆಯುವುದೇ ತಪ್ಪೇ?

ಮನೆ ಬಾಡಿಗೆಗೆ ಹುಡುಕುವಾಗ ಬ್ರೋಕರ್ ಹತ್ತಿರ ಹೋಗುತ್ತೇವೆ. ಅವನಿಗೆ ಕಮಿಷನ್ ಸಿಗುತ್ತದೆ ಎನ್ನುವುದು ಮನೆ ಮಾಲೀಕರಿಗೂ ಗೊತ್ತು, ನಮಗೂ ಗೊತ್ತು. ಆದ್ದರಿಂದಲೇ ಅವನು ‘ಗಾಳಿ ಬೆಳಕು ಬಹಳ ಚೆನ್ನಾಗಿದೆ ಸಾರ್’ ಎಂದಾಗ ಆ ಮಾತಿಗೆ ಎಷ್ಟು ಬೆಲೆ ಕೊಡಬೇಕೋ ಅಷ್ಟೇ ಕೊಡುತ್ತೇವೆ.

ಈಗ ಪ್ರವಾಸಿ ಊರುಗಳ ಇನ್ನೊಂದು ಉದಾಹರಣೆ ನೋಡಿ. ಅರಮನೆ ನೋಡಿ ಹೊರಬಂದವರನ್ನು ಆಟೋದವರು ಒಂದು ಸೀರೆ ಅಂಗಡಿಗೆ ಕರೆದೊಯ್ಯುತ್ತಾರೆ. ‘ನಮ್ಮ ಮನೆಯವರೆಲ್ಲ ಇಲ್ಲೇ ತಗೊಳ್ಳೋದು’ ಅನ್ನುತ್ತಾರೆ. ಅಂಗಡಿಯಿಂದ ಅವರಿಗೆ ಹಣ ಸಿಗುತ್ತದೆ ಎನ್ನುವುದು ಪ್ರವಾಸಿಗೆ ಗೊತ್ತಿಲ್ಲ. ಸ್ಥಳೀಯರೊಬ್ಬರು ಕೊಟ್ಟ ಸಲಹೆ ಎಂದೇ ಅವರು ನಂಬುತ್ತಾರೆ.

ಎರಡರಲ್ಲೂ ಕಮಿಷನ್ ಇದೆ. ವ್ಯತ್ಯಾಸ ಇರುವುದು ಯಾರಿಗೆ ಏನು ಗೊತ್ತಿದೆ ಎನ್ನುವುದರಲ್ಲಿ. ಅಫಿಲಿಯೇಟ್ ವ್ಯವಹಾರದಲ್ಲೂ ಮಾರುವವರು, ಶಿಫಾರಸು ಮಾಡುವವರು, ಕೊಳ್ಳುವವರು ಎಂದು ಮೂವರಿರುತ್ತಾರೆ. ಹಣ ಯಾವುದಕ್ಕಾಗಿ, ಯಾರಿಂದ ಯಾರಿಗೆ ಹೋಗುತ್ತಿದೆ ಎಂಬುದು ಮೂವರಿಗೂ ತಿಳಿದಿದ್ದರೆ ಅದು ವ್ಯಾಪಾರ. ಮೂವರಲ್ಲಿ ಒಬ್ಬರನ್ನು ಕತ್ತಲಲ್ಲಿಟ್ಟರೆ ಅಲ್ಲಿಂದ ಮೋಸ ಶುರುವಾಗುತ್ತದೆ. ಮೋಸ ಹೋಗುವವರು ಯಾವಾಗಲೂ ಕೊಳ್ಳುವವರೇ ಆಗಿರಬೇಕಿಲ್ಲ.

ಮಾರುವವರಿಗೇ ಮೋಸ: ಇಬೇ ಪ್ರಕರಣ

ಅಮೆರಿಕದ ಇಬೇ ಕಂಪನಿಗೆ ಅತಿ ಹೆಚ್ಚು ಗಿರಾಕಿಗಳನ್ನು ಕಳಿಸುತ್ತಿದ್ದ ಅಫಿಲಿಯೇಟ್‌ಗಳಲ್ಲಿ ಶಾನ್ ಹೋಗನ್ ಮತ್ತು ಬ್ರಯನ್ ಡನಿಂಗ್ ಮುಂಚೂಣಿಯಲ್ಲಿದ್ದರು. ಹೋಗನ್ ಅವರ ಕಂಪನಿಯೊಂದಕ್ಕೇ ಇಬೇ ಸುಮಾರು 2.8 ಕೋಟಿ ಡಾಲರ್ ಕಮಿಷನ್ ಕೊಟ್ಟಿತ್ತು. ಆದರೆ ಅವರು ಕಳಿಸಿದ್ದರೆನ್ನಲಾದ ಗಿರಾಕಿಗಳಲ್ಲಿ ಬಹಳ ಜನ ಅವರ ಲಿಂಕನ್ನು ಒತ್ತಿಯೇ ಇರಲಿಲ್ಲ.

ಅವರು ಮಾಡಿದ್ದು ಇಷ್ಟು. ಬ್ಲಾಗ್‌ಗಳಲ್ಲಿ, ಮೈಸ್ಪೇಸ್‌ನಂಥ ತಾಣಗಳಲ್ಲಿ ಹಾಕಿಕೊಳ್ಳಲು ಉಚಿತ ಪುಟ್ಟ ಸಾಧನಗಳನ್ನು ಹಂಚಿದರು. ಅವು ಇರುವ ಪುಟವನ್ನು ಯಾರಾದರೂ ತೆರೆದರೆ ಸಾಕು, ಅವರಿಗೆ ಗೊತ್ತೇ ಆಗದಂತೆ ಇಬೇಯ ಕುಕಿ ಬ್ರೌಸರ್‌ಗೆ ಸೇರಿಕೊಳ್ಳುತ್ತಿತ್ತು. ಮುಂದೆ ಆ ವ್ಯಕ್ತಿ ತನ್ನಷ್ಟಕ್ಕೆ ಇಬೇಗೆ ಹೋಗಿ ಏನಾದರೂ ಕೊಂಡರೆ ಕಮಿಷನ್ ಇವರಿಗೆ. ಇದಕ್ಕೆ ‘ಕುಕಿ ಸ್ಟಫಿಂಗ್’ ಎನ್ನುತ್ತಾರೆ, ಅಂದರೆ ಕುಕಿ ತುರುಕುವುದು. ಇಬೇಯ ಕಚೇರಿ ಇದ್ದ ಸ್ಯಾನ್ ಹೊಸೆ ನಗರದ ಕಂಪ್ಯೂಟರ್‌ಗಳಲ್ಲಿ ಈ ತಂತ್ರ ಕೆಲಸ ಮಾಡದಂತೆ ಹೋಗನ್ ಅವರ ತಂತ್ರಾಂಶವನ್ನು ರೂಪಿಸಲಾಗಿತ್ತು ಎಂದು ತನಿಖೆ ಹೇಳಿತು. ಸಿಕ್ಕಿಬೀಳಬಾರದು ಎಂಬ ಎಚ್ಚರಿಕೆಯೇ ತಪ್ಪಿನ ಅರಿವಿತ್ತು ಎನ್ನುವುದಕ್ಕೆ ಸಾಕ್ಷಿಯಾಗಿ ನಿಂತಿತು. ಇಬ್ಬರೂ ತಪ್ಪೊಪ್ಪಿಕೊಂಡರು. 2014ರಲ್ಲಿ ಹೋಗನ್‌ಗೆ 5 ತಿಂಗಳು, ಡನಿಂಗ್‌ಗೆ 15 ತಿಂಗಳು ಜೈಲು ಶಿಕ್ಷೆಯಾಯಿತು.

ಈ ಡನಿಂಗ್ ಯಾರು ಗೊತ್ತೇ? ಹುಸಿವಿಜ್ಞಾನವನ್ನು, ಮೂಢನಂಬಿಕೆಗಳನ್ನು ಬಯಲಿಗೆಳೆಯುವ ‘ಸ್ಕೆಪ್ಟಾಯ್ಡ್’ ಎಂಬ ಹೆಸರಾಂತ ಪಾಡ್‌ಕಾಸ್ಟ್ ನಡೆಸುವವರು. ನಮ್ಮಂತೆಯೇ ‘ಪುರಾವೆ ಕೇಳಿ’ ಎಂದು ಜನರಿಗೆ ಹೇಳುವವರು. ಒಬ್ಬರು ಒಳ್ಳೆಯ ವಿಷಯ ಹೇಳುತ್ತಾರೆ ಎಂದ ಮಾತ್ರಕ್ಕೆ ಅವರ ಹಣದ ವ್ಯವಹಾರವೂ ಚೊಕ್ಕಟ ಎಂದುಕೊಳ್ಳುವಂತಿಲ್ಲ. ಪುರಾವೆ ಕೇಳುವ ಪಾಠ ಅಲ್ಲಿಗೂ ಅನ್ವಯಿಸುತ್ತದೆ, ನಮಗೂ ಅನ್ವಯಿಸುತ್ತದೆ.

ದುಡಿದವರೊಬ್ಬರು, ಪಡೆದವರೊಬ್ಬರು

ಕೊನೆಯ ಕ್ಲಿಕ್‌ನ ನಿಯಮ ನೆನಪಿದೆಯೇ? ಒಬ್ಬರು ಎರಡು ವಾರ ಆರು ಮಿಕ್ಸಿಗಳಲ್ಲಿ ಇಡ್ಲಿ ಹಿಟ್ಟು, ಚಟ್ನಿ ರುಬ್ಬಿ ವಿಡಿಯೋ ಮಾಡುತ್ತಾರೆ. ನೀವು ಅವರ ಲಿಂಕ್ ಒತ್ತಿ ಅಂಗಡಿ ತಾಣಕ್ಕೆ ಹೋಗುತ್ತೀರಿ. ಹಣ ಕಟ್ಟುವ ಹೊತ್ತಿಗೆ ಬ್ರೌಸರ್‌ನಲ್ಲಿರುವ ಕೂಪನ್ ಎಕ್ಸ್‌ಟೆನ್ಷನ್ ಒಂದು ‘ರಿಯಾಯಿತಿ ಹುಡುಕಲೇ?’ ಎಂದು ಕೇಳುತ್ತದೆ. ನೀವು ಹೂಂ ಅನ್ನುತ್ತೀರಿ. ಕೂಪನ್ ಸಿಗದೇ ಇರಬಹುದು. ಆದರೆ ಆ ಒಂದು ಕ್ಲಿಕ್‌ನಿಂದ ಹಳೆಯ ಕುಕಿ ಹೋಗಿ ಹೊಸದು ಬಂದರೆ, ವಿಡಿಯೋ ಮಾಡಿದವರ ಕಮಿಷನ್ ಎಕ್ಸ್‌ಟೆನ್ಷನ್ ಕಂಪನಿಗೆ ಹೋಗುತ್ತದೆ.

ಪೇಪಾಲ್ ಒಡೆತನದ ‘ಹನಿ’ ಎಂಬ ಎಕ್ಸ್‌ಟೆನ್ಷನ್ ಹೀಗೆ ಮಾಡುತ್ತದೆ ಎಂಬ ಆರೋಪ 2024ರ ಡಿಸೆಂಬರ್‌ನಲ್ಲಿ ಯೂಟ್ಯೂಬ್ ವಿಡಿಯೋ ಒಂದರಿಂದ ದೊಡ್ಡ ಸುದ್ದಿಯಾಯಿತು. ಅಮೆರಿಕದಲ್ಲಿ ಮೊಕದ್ದಮೆಗಳೂ ಹೂಡಲ್ಪಟ್ಟವು. ಕೊನೆಯ ಕ್ಲಿಕ್ ಸೇರಿದಂತೆ ಉದ್ಯಮದ ನಿಯಮಗಳನ್ನೇ ತಾನು ಪಾಲಿಸುತ್ತಿರುವುದಾಗಿ ಪೇಪಾಲ್ ಹೇಳಿತು. 2025ರ ಮಾರ್ಚ್‌ನಲ್ಲಿ ಗೂಗಲ್ ಕ್ರೋಮ್ ಎಕ್ಸ್‌ಟೆನ್ಷನ್‌ಗಳ ನೀತಿಯನ್ನು ಬಿಗಿಗೊಳಿಸಿತು. ಬಳಕೆದಾರರಿಗೆ ನೇರವಾದ, ಕಣ್ಣಿಗೆ ಕಾಣುವ ಪ್ರಯೋಜನ ಇಲ್ಲದಿದ್ದರೆ ಅಫಿಲಿಯೇಟ್ ಗುರುತು ಸೇರಿಸುವಂತಿಲ್ಲ ಎಂದಿತು.

ಇಲ್ಲಿ ಕೊಳ್ಳುವವರ ಜೇಬಿನಿಂದ ಒಂದು ಪೈಸೆಯೂ ಹೆಚ್ಚು ಹೋಗಲಿಲ್ಲ. ಆದರೆ ಪರೀಕ್ಷೆ ಮಾಡಿ ಹೇಳುವವರಿಗೆ ಆದಾಯ ಸಿಗದಿದ್ದರೆ ಅವರು ಮುಂದೆ ಆ ಕೆಲಸ ಬಿಡುತ್ತಾರೆ. ಪೆಟ್ಟಿಗೆಯ ಮೇಲಿರುವುದನ್ನು ಓದಿ ಹೇಳುವವರಷ್ಟೇ ಉಳಿಯುತ್ತಾರೆ. ‘ನಮಗೇನು ನಷ್ಟ?’ ಎಂಬ ಪ್ರಶ್ನೆಗೆ ಇದು ಒಂದು ಉತ್ತರ.

ಆರೋಗ್ಯದ ವಿಷಯ ಬಂದಾಗ

ಮಿಕ್ಸಿ ಕೆಟ್ಟರೆ ಮೂರು ಸಾವಿರ ಹೋಗುತ್ತದೆ. ಔಷಧಿಯ ವಿಷಯದಲ್ಲಿ ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ.

ಅಮೆರಿಕದಲ್ಲಿ ಲೀನ್‌ಸ್ಪಾ ಎಂಬ ಕಂಪನಿ ತೂಕ ಇಳಿಸುವ ಉತ್ಪನ್ನಗಳನ್ನು ಮಾರುತ್ತಿತ್ತು. ಗಿರಾಕಿಗಳನ್ನು ತರುವ ಕೆಲಸವನ್ನು ಲೀಡ್‌ಕ್ಲಿಕ್ ಎಂಬ ಮಧ್ಯವರ್ತಿ ಜಾಲಕ್ಕೆ ಕೊಟ್ಟಿತ್ತು. ಲೀಡ್‌ಕ್ಲಿಕ್ ಅದನ್ನು ತನ್ನ ಕೆಳಗಿನ ಅಫಿಲಿಯೇಟ್‌ಗಳಿಗೆ ಹಂಚಿತು. ಅವರಲ್ಲಿ ಕೆಲವರು ಸುದ್ದಿತಾಣದಂತೆ ಕಾಣುವ ಪುಟಗಳನ್ನು ಮಾಡಿದರು. ಅದರಲ್ಲಿ ‘ವರದಿಗಾರ್ತಿ’ ಒಬ್ಬಳು ತಾನೇ ಉತ್ಪನ್ನ ಬಳಸಿ ತೂಕ ಇಳಿಸಿಕೊಂಡ ಕಥೆ, ಕೆಳಗೆ ಓದುಗರ ಮೆಚ್ಚುಗೆಯ ಪ್ರತಿಕ್ರಿಯೆಗಳು. ವರದಿಗಾರ್ತಿಯೂ ಸುಳ್ಳು, ಪ್ರತಿಕ್ರಿಯೆಗಳೂ ಸುಳ್ಳು.

‘ಆ ಪುಟಗಳನ್ನು ನಾವು ಬರೆದಿಲ್ಲ, ಅಫಿಲಿಯೇಟ್‌ಗಳು ಬರೆದರು’ ಎಂದು ಲೀಡ್‌ಕ್ಲಿಕ್ ವಾದಿಸಿತು. 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಸುಳ್ಳು ಪುಟಗಳ ಬಗ್ಗೆ ಅದಕ್ಕೆ ಗೊತ್ತಿತ್ತು, ತಡೆಯುವ ಅಧಿಕಾರವೂ ಇತ್ತು. ಆದರೂ ತಡೆಯದೆ ಲಾಭ ಪಡೆದ ಮೇಲೆ ಹೊಣೆಯೂ ಅದರದ್ದೇ ಎಂದಿತು. ಸುಮಾರು 1.19 ಕೋಟಿ ಡಾಲರ್ ಮರಳಿಸಬೇಕೆಂಬ ಆದೇಶ ಉಳಿಯಿತು. ‘ನಾನಲ್ಲ, ನನ್ನ ಏಜೆಂಟ್’ ಎಂದು ಕೈತೊಳೆದುಕೊಳ್ಳುವಂತಿಲ್ಲ ಎಂಬುದನ್ನು ಈ ತೀರ್ಪು ಸ್ಪಷ್ಟಪಡಿಸಿತು.

ನಮ್ಮಲ್ಲೂ ‘ಸಕ್ಕರೆ ಕಾಯಿಲೆಗೆ ಮೂರು ತಿಂಗಳಲ್ಲಿ ಮುಕ್ತಿ’ ಎನ್ನುವ ಪುಡಿ, ಕಷಾಯಗಳ ವಿಡಿಯೋಗಳ ಕೆಳಗೆ ಲಿಂಕ್ ಇರುವುದನ್ನು ನೀವು ನೋಡಿರಬಹುದು. ಮಧುಮೇಹವನ್ನು ಗುಣಪಡಿಸುತ್ತೇವೆ ಎಂದು ಔಷಧಿಗೆ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ. ಅಂಥ ಮಾತು ನಂಬಿ ಒಬ್ಬರು ಮಾತ್ರೆ ನಿಲ್ಲಿಸಿದರೆ ಏರುವ ಸಕ್ಕರೆ ಕಣ್ಣು, ಮೂತ್ರಪಿಂಡ, ಕಾಲಿನ ನರಗಳನ್ನು ಹಾಳುಮಾಡಬಲ್ಲದು. ಕಮಿಷನ್ ಪಡೆದವರು ಆ ಹೊತ್ತಿಗೆ ಬೇರೆ ವಿಡಿಯೋದಲ್ಲಿರುತ್ತಾರೆ.

ಸುಳ್ಳು ಹೇಳದೆಯೂ ದಾರಿ ತಪ್ಪಿಸಬಹುದು

‘ಐದು ಅತ್ಯುತ್ತಮ ವಾಟರ್ ಪ್ಯೂರಿಫೈಯರ್‌ಗಳು’ ಎಂಬ ಪಟ್ಟಿಯಲ್ಲಿ ಬರೆದಿರುವ ಪ್ರತಿಯೊಂದು ವಾಕ್ಯವೂ ನಿಜವಿರಬಹುದು. ಆದರೆ ಕಮಿಷನ್ ಕೊಡದ ಆರನೆಯದು ಪಟ್ಟಿಯಲ್ಲಿ ಇಲ್ಲದಿರಬಹುದು. ಹೆಚ್ಚು ಕಮಿಷನ್ ಕೊಡುವುದು ಮೊದಲ ಸ್ಥಾನದಲ್ಲಿರಬಹುದು. ಇನ್ನೂ ಮುಖ್ಯವಾಗಿ, ‘ನಿಮ್ಮ ಮನೆಗೆ ಬರುವ ನೀರನ್ನು ಕುದಿಸಿ, ಆರಿಸಿ ಕುಡಿದರೆ ಸಾಕು’ ಎಂಬ ಸಲಹೆ ಅಲ್ಲಿ ಸಿಗುವುದು ಕಷ್ಟ. ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಫ್ಲೋರೈಡ್‌ನಂಥವು ಹೋಗುವುದಿಲ್ಲ. ಯಾರಿಗೆ ಯಾವುದು ಬೇಕು ಎನ್ನುವುದು ನೀರಿನ ಮೇಲೆ ನಿಂತಿದೆ. ಆದರೆ ಪಾತ್ರೆಯಲ್ಲಿ ನೀರು ಕುದಿಸುವ ಸಲಹೆಗೆ ಯಾರೂ ಕಮಿಷನ್ ಕೊಡುವುದಿಲ್ಲ.

ಅಫಿಲಿಯೇಟ್ ಪದ್ಧತಿಯ ನಿಜವಾದ ತೊಡಕು ಇದೇ. ಇಲ್ಲಿ ಹಣ ಸಿಗುವುದು ಸಲಹೆ ಸರಿಯಾಗಿದ್ದಕ್ಕಲ್ಲ, ನೀವು ಕೊಂಡಿದ್ದಕ್ಕೆ. ‘ಇದು ನಿಮಗೆ ಬೇಡ’ ಎಂದವರಿಗೆ ಏನೂ ಸಿಗುವುದಿಲ್ಲ. ಪ್ರಾಮಾಣಿಕರ ಮೇಲೂ ಈ ಸೆಳೆತ ಕೆಲಸ ಮಾಡುತ್ತದೆ. ಅದಕ್ಕಾಗಿಯೇ ‘ನನಗೆ ಕಮಿಷನ್ ಇದೆ’ ಎಂದು ಬಾಯಿಬಿಟ್ಟು ಹೇಳುವುದು ಅಗತ್ಯ. ಕೇಳಿದವರು ಆ ಮಾತನ್ನು ತೂಗಿ ನೋಡಲು ಅವಕಾಶವಾಗುತ್ತದೆ.

ನಮ್ಮ ಕಾನೂನು ಏನು ಹೇಳುತ್ತದೆ?

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರಿಗೆ ಮಾತ್ರವಲ್ಲ, ಅದನ್ನು ಶಿಫಾರಸು ಮಾಡಿದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಮತ್ತೆ ಮಾಡಿದರೆ 50 ಲಕ್ಷದವರೆಗೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಪ್ರಭಾವಿಗಳಿಗೆಂದೇ ಮಾರ್ಗಸೂಚಿ ಹೊರಡಿಸಿತು. ಹಣವಷ್ಟೇ ಅಲ್ಲ, ಉಚಿತ ವಸ್ತು, ರಿಯಾಯಿತಿ, ಪ್ರವಾಸ ಪಡೆದಿದ್ದರೂ ಹೇಳಬೇಕು. ವಿಡಿಯೋದಲ್ಲಾದರೆ ಡಿಸ್ಕ್ರಿಪ್ಷನ್‌ನಲ್ಲಿ ಬರೆದರಷ್ಟೇ ಸಾಲದು, ವಿಡಿಯೋದೊಳಗೇ ಹೇಳಬೇಕು. ಶಿಫಾರಸು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ ಹೇಳಬೇಕು. ಹತ್ತು ನಿಮಿಷ ಕನ್ನಡದಲ್ಲಿ ಮಾತಾಡಿ, ಕಮಿಷನ್ ವಿಷಯವನ್ನು ಮಾತ್ರ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಹಾಕುವುದು ಸರಿಯಲ್ಲ.

ನಾವು, ನೀವು ಏನು ಮಾಡಬಹುದು?

ಕೊಳ್ಳುವವರಾಗಿದ್ದರೆ ಮೂರು ವಿಷಯ ಗಮನಿಸಿ. ಶಿಫಾರಸು ಮಾಡಿದವರು ಕಮಿಷನ್ ಬಗ್ಗೆ ಹೇಳಿದ್ದಾರೆಯೇ? ವಸ್ತುವಿನ ಒಂದಾದರೂ ಕೊರತೆ ಹೇಳಿದ್ದಾರೆಯೇ? ‘ಇಂಥವರಿಗೆ ಇದು ಬೇಡ’ ಎಂದಿದ್ದಾರೆಯೇ? ಮೂರಕ್ಕೂ ಉತ್ತರ ‘ಹೌದು’ ಆಗಿದ್ದರೆ ಅವರ ಲಿಂಕ್‌ನಿಂದಲೇ ಕೊಳ್ಳಿ. ಅದು ಅವರ ದುಡಿಮೆಗೆ ಸಲ್ಲಬೇಕಾದ ಹಣ. ಔಷಧಿ, ಪುಡಿ, ಕಷಾಯವಾದರೆ ಮಾತ್ರ ಲಿಂಕ್ ಒತ್ತುವ ಮೊದಲು ವೈದ್ಯರನ್ನು ಕೇಳಿ. ನಡೆಯುತ್ತಿರುವ ಮಾತ್ರೆಯನ್ನು ಯಾವ ವಿಡಿಯೋ ನೋಡಿಯೂ ನಿಲ್ಲಿಸಬೇಡಿ. ಮೋಸಹೋದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು.

ನೀವೇ ಚಾನೆಲ್ ನಡೆಸುತ್ತಿದ್ದರೆ ಒಂದೇ ವಾಕ್ಯ ಸಾಕು: ‘ಈ ಲಿಂಕ್‌ನಿಂದ ಕೊಂಡರೆ ನನಗೆ ಸ್ವಲ್ಪ ಕಮಿಷನ್ ಸಿಗುತ್ತದೆ, ನಿಮಗೆ ಬೆಲೆ ಹೆಚ್ಚಾಗುವುದಿಲ್ಲ.’ ಇದನ್ನು ವಿಡಿಯೋದ ಆರಂಭದಲ್ಲೇ, ಕನ್ನಡದಲ್ಲೇ ಹೇಳಿ. ಬಳಸದ ವಸ್ತುವನ್ನು ಬಳಸಿದೆ ಎನ್ನಬೇಡಿ. ಇದನ್ನು ಕೇಳಿ ಕೆಲವರು ಲಿಂಕ್ ಒತ್ತದೇ ಹೋಗಬಹುದು. ಒತ್ತಿದವರು ಮಾತ್ರ ತಿಳಿದೇ ಒತ್ತಿರುತ್ತಾರೆ, ಮುಂದಿನ ಸಲ ಏನಾದರೂ ಕೊಳ್ಳುವಾಗ ಮತ್ತೆ ನಿಮ್ಮ ಮಾತನ್ನೇ ಕೇಳಲು ಬರುತ್ತಾರೆ.