ಎರಡು ಸಸಾರಜನಕಗಳ ಹೋಲಿಕೆ

ಸಕ್ಕರೆ ರೋಗಕ್ಕೆ ಇನ್ಸುಲಿನ್ ಚುಚ್ಚಿಸಿಕೊಳ್ಳುವ ನಮ್ಮ ಅಜ್ಜಿಗೆ, ಈ ಔಷಧವನ್ನು ಹಿಂದೆ ದನ, ಹಂದಿಗಳ ಮೇದೋಜೀರಕದಿಂದ ತೆಗೆಯುತ್ತಿದ್ದರೆಂದು ಒಮ್ಮೆ ಹೇಳಿದೆ. "ದನದ್ದು ಮನುಷ್ಯಗೆ ಹೆಂಗ ಒಗ್ಗೀತೋ ತಮ್ಮಾ?" ಎಂದಳು. ಆಗ ನನ್ನಲ್ಲಿ ಉತ್ತರವಿರಲಿಲ್ಲ.

ಸಸಾರಜನಕವೆಂದರೆ (ಈಗ ಪ್ರೋಟೀನ್ ಎಂಬ ಮಾತೇ ಹೆಚ್ಚು ಬಳಕೆ) ಇಪ್ಪತ್ತು ಬಗೆಯ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಇನ್ಸುಲಿನ್ನಿನಲ್ಲಿ 21 ಮಣಿಗಳದೊಂದು, 30 ಮಣಿಗಳದೊಂದು, ಹೀಗೆ ಎರಡು ಸರಗಳಿವೆ. ದನದ ಇನ್ಸುಲಿನ್ನಿನ ಮಣಿಗಳ ಕ್ರಮವನ್ನು ಬಿಡಿಸಿದ ಫ್ರೆಡರಿಕ್ ಸ್ಯಾಂಗರರಿಗೆ 1958ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮನುಷ್ಯನ ಇನ್ಸುಲಿನ್ನಿಗೂ ಅದಕ್ಕೂ 51ರಲ್ಲಿ ಮೂರೇ ವ್ಯತ್ಯಾಸ, ಹಂದಿಯದಕ್ಕಂತೂ ಒಂದೇ!

ಇಲ್ಲಿ ಬರಿದೆ ಎಣಿಸಿದರೆ ಸಾಕು. ಸರಗಳ ಉದ್ದ ಬೇರೆಯಾದರೆ ತೊಡಕು. ನಮ್ಮೂರು ಉಚ್ಚಂಗಿದುರ್ಗದ ಹೆಸರನ್ನೇ ನೋಡಿ. ಕದಂಬರ ಶಾಸನದಲ್ಲಿ ಬರುವ 'ಉಚ್ಛಶೃಂಗಿ' ಇದೇ ಎಂದು ವಿದ್ವಾಂಸರು ಹೇಳುವರು. ಉ-ಚ್ಛ-ಶೃಂ-ಗಿ ಎಂಬುದರ ಕೆಳಗೆ ಉ-ಚ್ಚಂ-ಗಿ ಎಂದು ಸಾಲಾಗಿ ಬರೆದರೆ 'ಶೃಂ' ಕೆಳಗೆ 'ಗಿ' ಬಂದು ಹೋಲಿಕೆ ಕೆಡುತ್ತದೆ. 'ಶೃಂ' ಕೆಳಗೆ ತೆರಪು ಬಿಟ್ಟರೆ 'ಗಿ'ಗೆ 'ಗಿ' ಕೂಡುತ್ತದೆ. ಆದರೆ ತೆರಪಿಗೆ ದಂಡವಿರಬೇಕು. ಇಲ್ಲವಾದರೆ ಯಾವ ಹೆಸರನ್ನಾದರೂ ಯಾವುದಕ್ಕಾದರೂ ಹೊಂದಿಸಿಬಿಡಬಹುದು. ಒಂದು ಸರವನ್ನು ಅಡ್ಡಕ್ಕೂ ಇನ್ನೊಂದನ್ನು ಕೆಳಕ್ಕೂ ಬರೆದು, ಚೌಕಾಬಾರದಂತೆ ಮನೆ ಹಾಕಿ, ಪ್ರತಿ ಮನೆಯಲ್ಲೂ ಅಲ್ಲಿಯವರೆಗೆ ಗಳಿಸಬಹುದಾದ ಅತ್ಯಧಿಕ ಅಂಕವನ್ನು ತುಂಬುತ್ತ ಹೋಗುವ ಕ್ರಮವನ್ನು ನೀಡಲ್‌ಮನ್ ಮತ್ತು ವುನ್ಶ್ 1970ರಲ್ಲಿ ಪ್ರಕಟಿಸಿದರು.

'ಚ್ಛ'ಕ್ಕೆ 'ಚ್ಚ' ಹತ್ತಿರದ ನಂಟ, ಮಣಿಗಳಲ್ಲೂ ಹಾಗೆಯೇ. ಯಾವ ಮಣಿಯ ಜಾಗಕ್ಕೆ ಯಾವುದು ಪದೇ ಪದೇ ಬಂದಿದೆಯೆಂದು ಸಾವಿರಾರು ಸರಗಳ ತುಣುಕುಗಳಲ್ಲಿ ನೋಡಿ ಹೆನಿಕಾಫ್ ದಂಪತಿಗಳು 1992ರಲ್ಲಿ ಅಂಕಪಟ್ಟಿಗಳನ್ನು ಸಿದ್ಧಪಡಿಸಿದರು. ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಬ್ಲೋಸಮ್ 62. ದನದ ಇನ್ಸುಲಿನ್ನಿನಲ್ಲಿ ಒಂದೆಡೆ ಐಸೊಲ್ಯೂಸೀನಿನ ಬದಲು ವ್ಯಾಲೀನ್ ಇದೆ. ಈ ಪಟ್ಟಿಯಂತೆ 4ರ ಬದಲು 3 ಅಂಕ. ಉಳಿದೆರಡು ಕಡೆ ಥ್ರಿಯೊನೀನಿನ ಬದಲು ಅಲನೀನ್. 5ರ ಬದಲು ಸೊನ್ನೆ. ನಷ್ಟ ಅಷ್ಟೆ. ಔಷಧ ಒಗ್ಗಿದ್ದು ಹೀಗೆ. ಆದರೂ ಕೆಲವು ರೋಗಿಗಳ ದೇಹ ಆ ಅಲ್ಪ ಭೇದವನ್ನೂ ಗುರುತಿಸಿ ಪ್ರತಿಭಟಿಸುತ್ತಿತ್ತು.

ಮೊತ್ತವನ್ನೇ ನಂಬುವವರು ಕುಡಗೋಲು ಕಣ ರೋಗವನ್ನು ನೋಡಬೇಕು. ಮೈಸೂರು, ಚಾಮರಾಜನಗರದ ಕಾಡಂಚಿನ ಬುಡಕಟ್ಟು ಜನರಲ್ಲೂ ಅದು ಕಾಣುತ್ತದೆ. ಹಿಮೋಗ್ಲೋಬಿನ್ನಿನ 146 ಮಣಿಗಳ ಸರದಲ್ಲಿ ಆರನೆಯದೊಂದು ಮಾತ್ರ ಬೇರೆ: ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್. ಅಲ್ಲಿ ಅಂಕ 5ರಿಂದ ಮೈನಸ್ 2ಕ್ಕಿಳಿಯುತ್ತದೆ; ಇಡೀ ಸರದ ಮೊತ್ತದಲ್ಲಿ ಅದು ಲೆಕ್ಕಕ್ಕೇ ಬಾರದು. ರಕ್ತಕಣ ಮಾತ್ರ ಕುಡಗೋಲಿನಂತೆ ಬಾಗಿ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ.

ಅಜ್ಜಿಗೆ ಇಷ್ಟನ್ನೂ ಹೇಳಿದೆ. ಮನುಷ್ಯನ ಇನ್ಸುಲಿನ್ನಿನ ಕ್ರಮದಲ್ಲೇ ಸೂಕ್ಷ್ಮಜೀವಿಗಳಿಂದ ತಯಾರಾದ ಔಷಧ 1982ರಿಂದ ಮಾರುಕಟ್ಟೆಯಲ್ಲಿದೆ, ಅವಳು ಚುಚ್ಚಿಸಿಕೊಳ್ಳುವುದೂ ಅಂಥದ್ದೇ ಎಂದೆ. "ಮೂರೇ ಮಣಿ ಫರಕು ಏನು!" ಎಂದು ಕೊಟ್ಟಿಗೆಯ ಕಡೆ ನೋಡಿದಳು.