ಕ್ಯಾಮೆರಾಗೆ ಬೇರೆ ವೈಫೈ ಏಕೆ?

ಪ್ರಶ್ನೆ: ಮನೆಗೆ ಹೊಸ ರೂಟರ್ ತಂದಿದ್ದೇವೆ. ಕ್ಯಾಮೆರಾಗೆ ಬೇರೆಯೇ ವೈಫೈ ಇಡಿ ಅನ್ನುತ್ತಾರೆ, ಯಾಕೆ?

ಉತ್ತರ: ಒಂದೇ ವೈಫೈನಲ್ಲಿರುವ ಸಾಧನಗಳು ಸಾಮಾನ್ಯವಾಗಿ ಒಂದನ್ನೊಂದು ತಲುಪಬಲ್ಲವು. ಕ್ಯಾಮೆರಾಗೆ ಕನ್ನ ಹಾಕಿದವನು ಅಲ್ಲಿಂದಲೇ ನಿಮ್ಮ ಲ್ಯಾಪ್‌ಟಾಪಿನ ಬಾಗಿಲನ್ನೂ ತಟ್ಟಬಹುದು. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳೊಳಗೆ ನುಗ್ಗಿದ್ದು, ಕಂಪನಿ ಇಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸದೆ ಬಿಟ್ಟದ್ದರಿಂದ. ಕ್ಯಾಮೆರಾ, ಸ್ಮಾರ್ಟ್ ಬಲ್ಬುಗಳನ್ನು ರೂಟರ್‌ನ ‘ಗೆಸ್ಟ್ ನೆಟ್‌ವರ್ಕ್’ಗೆ ಹಾಕಿ. ಇಂಟರ್ನೆಟ್ ಸಿಗುತ್ತದೆ, ಮನೆಯ ಉಳಿದ ಸಾಧನಗಳು ಕಾಣುವುದಿಲ್ಲ. (ಟಿವಿಯನ್ನೂ ಅಲ್ಲಿಗೆ ಹಾಕಿದರೆ ಫೋನಿನಿಂದ ಕಾಸ್ಟ್ ಮಾಡಲಾಗದು ಎಂದು ಮನೆಯವರು ಗೊಣಗಬಹುದು!) ಇಂಥ ಸಾಧನಗಳಲ್ಲಿ ಹಲವಕ್ಕೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಸುತ್ತದೆ, ಅದನ್ನು ಆಫ್ ಮಾಡಬೇಡಿ. ಹಳೆಯ ವೈಫೈ ಹೆಸರು, ಪಾಸ್‌ವರ್ಡನ್ನೇ ಗೆಸ್ಟ್‌ಗೆ ಕೊಟ್ಟರೆ ಈ ಸಾಧನಗಳು ಸಾಮಾನ್ಯವಾಗಿ ತಾವಾಗಿಯೇ ಸೇರಿಕೊಳ್ಳುತ್ತವೆ. ಫೋನು, ಲ್ಯಾಪ್‌ಟಾಪಿಗೆ ಮಾತ್ರ ಹೊಸ ಹೆಸರು, ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಿ.