ಗಾಳಿಪಟದ ಸೂತ್ರ ಹಿಡಿದು ಅಲೆಯ ಮೇಲೆ

ಆಷಾಢ ಮಾಸ ಕಾಲಿಟ್ಟಿತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಬಯಲಿನಲ್ಲಿ ಗಾಳಿಯದೇ ರಾಜ್ಯ. ಮೋಡಗಳು ತಲೆಯ ಮೇಲೆ ಓಡುತ್ತವೆ, ಮಳೆ ಮಾತ್ರ ಅಪರೂಪ. ರೈತನು ಆಕಾಶವನ್ನು ನೋಡಿ ನಿಟ್ಟುಸಿರುಬಿಟ್ಟರೆ, ಅವನ ಮಗನು ಬಿದಿರುಕಡ್ಡಿಯನ್ನೂ ಬಣ್ಣದ ಕಾಗದವನ್ನೂ ಹುಡುಕಿಕೊಂಡು ಹೊರಡುತ್ತಾನೆ. ಸೂತ್ರ ಕಟ್ಟುವುದರಲ್ಲಿ ಒಂದು ಬೆರಳಿನಷ್ಟು ತಪ್ಪಿದರೂ ಪಟ ಗಿರಕಿ ಹೊಡೆದು ನೆಲಕ್ಕೆ ಬೀಳುವುದೆಂದು ಅವನಿಗೆ ಯಾರೂ ಪುಸ್ತಕದಿಂದ ಹೇಳಿಕೊಟ್ಟಿಲ್ಲ. ಪಟ ಕುಸಿಯುವಂತೆ ತೋರಿದಾಗ ದಾರವನ್ನು ಜಗ್ಗಬೇಕು, ಗಾಳಿ ಅತಿಯಾದಾಗ ಸಡಿಲಬಿಡಬೇಕು ಎಂಬುದು ಅವನ ಕೈಗೆ ತಾನಾಗಿಯೇ ಗೊತ್ತು.

ಈ ಹುಡುಗನ ಕೈಯಲ್ಲಿರುವ ವಿದ್ಯೆಯನ್ನೇ ಹಿಗ್ಗಿಸಿ, ದಾರದ ತುದಿಯಲ್ಲಿ ಒಬ್ಬ ಮನುಷ್ಯನನ್ನು ಹಲಗೆಯ ಮೇಲೆ ನಿಲ್ಲಿಸಿ, ಸಮುದ್ರದ ಅಲೆಯನ್ನೇರಿಸುವ ಸಾಹಸಕ್ರೀಡೆಯೊಂದು ಇಂದು ಲೋಕಪ್ರಸಿದ್ಧವಾಗಿದೆ. ಅದಕ್ಕೆ ಕೈಟ್ ಸರ್ಫಿಂಗ್ ಎಂದು ಹೆಸರು. ಗಾಳಿಪಟದ ಅಲೆಸವಾರಿ ಎಂದು ನಾವು ಕರೆಯಬಹುದು. ಕಡಲಿನಿಂದ ಸುಮಾರು 200 ಕಿಲೋಮೀಟರ್ ದೂರದ ಬಯಲುಸೀಮೆಯವರಿಗೆ ಇದರ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ನಮ್ಮ ಪಟವನ್ನು ಎತ್ತುವ ಗಾಳಿಯೂ ಕಡಲಿನಿಂದಲೇ ಬಂದದ್ದು ಎಂಬುದೇ ಮೊದಲ ಉತ್ತರ.

ಗಾಳಿಯ ಪ್ರಯಾಣ

ಜೂನ್ ತಿಂಗಳಿನಿಂದ ಅರಬ್ಬೀ ಸಮುದ್ರದ ಮೇಲೆ ಒಂದು ಪ್ರಬಲ ವಾಯುಪ್ರವಾಹ ಹರಿಯತೊಡಗುತ್ತದೆ. ಆಫ್ರಿಕದ ಪೂರ್ವ ಕರಾವಳಿಯ ಕಡೆಯಿಂದ ಬಾಗಿ ಬರುವ ಈ ಪ್ರವಾಹವು ಭಾರತದ ಪರ್ಯಾಯದ್ವೀಪವನ್ನು ಪಶ್ಚಿಮದಿಂದ ಪ್ರವೇಶಿಸುತ್ತದೆ. ಜುಲೈ ತಿಂಗಳಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಇದರ ವೇಗ ಅತ್ಯಧಿಕವಾಗಿರುವುದನ್ನು ಪಿ. ವಿ. ಜೋಸೆಫ್ ಮತ್ತು ಪಿ. ಎಲ್. ರಾಮನ್ ಎಂಬ ಭಾರತೀಯ ಪವನವಿಜ್ಞಾನಿಗಳು 1966ರಲ್ಲಿ ತೋರಿಸಿಕೊಟ್ಟರು. ಸಹ್ಯಾದ್ರಿಯನ್ನು ಹತ್ತುವಾಗ ಈ ಗಾಳಿ ತನ್ನ ನೀರಿನ ಹೊರೆಯನ್ನು ಇಳಿಸಿಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೆ, ಬೆಟ್ಟದ ಮರೆಯಲ್ಲಿರುವ ನಮ್ಮ ತಾಲ್ಲೂಕುಗಳಿಗೆ ದೊರೆಯುವುದು ಅದರ ಹತ್ತರಲ್ಲೊಂದು ಪಾಲು. ನೀರನ್ನು ಕಳೆದುಕೊಂಡ ಗಾಳಿ ವೇಗವನ್ನು ಮಾತ್ರ ಉಳಿಸಿಕೊಂಡು ಬರುತ್ತದೆ. ಹರಪನಹಳ್ಳಿಯ ಗುಡ್ಡಗಳ ಮೇಲೆ ಇಂದು ತಿರುಗುತ್ತಿರುವ ಗಾಳಿಯಂತ್ರಗಳೂ ಹುಡುಗರ ಪಟಗಳೂ ಇದೇ ಬಂಡವಾಳದಿಂದ ಬದುಕುತ್ತವೆ.

ಪಟಕ್ಕೆ ಕೆಲಸ ಹಚ್ಚಿದವರು

ಗಾಳಿಪಟದಿಂದ ಭಾರ ಎಳೆಯಿಸುವ ಯೋಚನೆ ಹೊಸದಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಜಾರ್ಜ್ ಪೊಕಾಕ್ ಎಂಬ ಶಾಲಾ ಉಪಾಧ್ಯಾಯನು ಪಟಗಳು ಎಳೆಯುವ ಬಂಡಿಗೆ 1826ರಲ್ಲಿ ಪೇಟೆಂಟ್ ಪಡೆದನು. ಕುದುರೆಗಳ ಲೆಕ್ಕದಂತೆ ಸುಂಕ ವಸೂಲು ಮಾಡುತ್ತಿದ್ದ ಕಟ್ಟೆಯವರಿಗೆ ಕುದುರೆಯೇ ಇಲ್ಲದ ಈ ಬಂಡಿಗೆ ಏನು ವಿಧಿಸಬೇಕೆಂದು ತಿಳಿಯದೇ ಹೋಯಿತೆಂದು ಕಥೆಯುಂಟು. 1903ರಲ್ಲಿ ಸ್ಯಾಮ್ಯುಯೆಲ್ ಕೋಡಿ ಎಂಬಾತನು ಪಟ ಎಳೆಯುವ ದೋಣಿಯಲ್ಲಿ ಇಂಗ್ಲಿಷ್ ಕಾಲುವೆಯನ್ನು ದಾಟಿದನು.

ನೀರಿನ ಮೇಲೆ ಪಟ ಹಾರಿಸುವವರನ್ನು ಬಹುಕಾಲ ಕಾಡಿದ ತೊಡಕು ಒಂದೇ: ನೀರಿಗೆ ಬಿದ್ದ ಪಟ ನೆನೆದು ಮುದ್ದೆಯಾಗುತ್ತಿತ್ತು, ಮತ್ತೆ ಏಳುತ್ತಿರಲಿಲ್ಲ. ಫ್ರಾನ್ಸಿನ ಬ್ರಿಟನಿ ಪ್ರಾಂತದ ಬ್ರೂನೋ ಮತ್ತು ಡೊಮಿನಿಕ್ ಲೆಗೆನ್ಯೂ ಎಂಬ ಸೋದರರು ಪಟದ ಅಂಚಿನಲ್ಲಿಯೂ ಎಲುಬುಗಳಲ್ಲಿಯೂ ಗಾಳಿ ತುಂಬಿದ ಕೊಳವೆಗಳನ್ನಿಟ್ಟು ಈ ತೊಡಕನ್ನು ಬಿಡಿಸಿದರು. 1984ರಲ್ಲಿ ಅದಕ್ಕೆ ಪೇಟೆಂಟ್ ಕೋರಿದರು. ಇಂತಹ ಪಟ ನೀರಿನಲ್ಲಿ ತೇಲುತ್ತದೆ. ಹುರಿಯನ್ನು ಜಗ್ಗಿದರೆ ಪುನಃ ಮೇಲೇಳುತ್ತದೆ. ಈ ಕ್ರೀಡೆಯ ಒಂದು ಬಗೆಯ ಓಟದ ಪಂದ್ಯವು 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸೇರಿತು. ಮಾರ್ಸೇಯ್ ಕಡಲಿನಲ್ಲಿ ಅದು ನಡೆಯಿತು.

ಎಳೆತದ ಲೆಕ್ಕ

ಸವಾರನು ನಡುವಿಗೆ ಪಟ್ಟಿಯನ್ನು ಬಿಗಿದುಕೊಳ್ಳುತ್ತಾನೆ. ಪಟದಿಂದ ಬರುವ 20 ಮೀಟರಿಗೂ ಉದ್ದದ ನಾಲ್ಕಾರು ಹುರಿಗಳು ಒಂದು ಹಿಡಿಕೋಲಿಗೆ ಸೇರುತ್ತವೆ. ಹಿಡಿಕೋಲು ನಡುಪಟ್ಟಿಗೆ ಕೊಂಡಿಯಿಂದ ತಗುಲಿಕೊಂಡಿರುತ್ತದೆ. ಎಳೆತವನ್ನು ತಾಳುವುದು ನಡು. ಕೈಗಳ ಕೆಲಸ ಕೇವಲ ನಡೆಸುವುದು.

ಈ ಎಳೆತ ಎಷ್ಟು? ಗಾಳಿಯ ಬಲವು ಪಟದ ವಿಸ್ತೀರ್ಣಕ್ಕೂ ಗಾಳಿಯ ವೇಗದ ವರ್ಗಕ್ಕೂ ಅನುಪಾತದಲ್ಲಿರುತ್ತದೆ. 9 ಚದರ ಮೀಟರಿನ ಪಟವನ್ನು ತೆಗೆದುಕೊಳ್ಳೋಣ. ಗಾಳಿಯ ವೇಗ ಸೆಕೆಂಡಿಗೆ 8 ಮೀಟರ್, ಎಂದರೆ ಗಂಟೆಗೆ ಸುಮಾರು 29 ಕಿಲೋಮೀಟರ್ ಇರಲಿ. ಒಂದು ಘನ ಮೀಟರ್ ಗಾಳಿಯ ದ್ರವ್ಯರಾಶಿ 1.2 ಕಿಲೋಗ್ರಾಂ. ಆಕಾರಕ್ಕೆ ಸಂಬಂಧಿಸಿದ ಗುಣಾಂಕವನ್ನು ಸೌಕರ್ಯಕ್ಕಾಗಿ 1 ಎಂದಿಟ್ಟುಕೊಂಡರೆ ಎಳೆತವು ಸುಮಾರು 346 ನ್ಯೂಟನ್. ಸ್ಥೂಲವಾಗಿ 35 ಕಿಲೋಗ್ರಾಂ ತೂಕ. ಗಾಳಿಯ ವೇಗ ಇಮ್ಮಡಿಯಾದರೆ ಎಳೆತ ಇಮ್ಮಡಿಯಲ್ಲ, ನಾಲ್ಮಡಿ, 140 ಕಿಲೋಗ್ರಾಂ! ಇದು ಒಬ್ಬ ದೃಢಕಾಯನ ತೂಕದ ಎರಡರಷ್ಟು. ಬಿರುಗಾಳಿಯ ಒಂದು ಬೀಸು ಅನನುಭವಿಯನ್ನು ಏಕೆ ಎತ್ತಿ ಒಗೆಯುವುದೆಂಬುದು ಈ ವರ್ಗಸಂಖ್ಯೆಯಿಂದಲೇ ವಿಶದವಾಗುತ್ತದೆ.

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಪಟಕ್ಕೆ ತಗಲುವ ಗಾಳಿಯು ನೆಲದ ಮೇಲೆ ನಿಂತವನಿಗೆ ತಗಲುವ ಗಾಳಿಯಲ್ಲ. ಪಟವು ಆಕಾಶದಲ್ಲಿ ಅಡ್ಡಲಾಗಿ ಸೆಕೆಂಡಿಗೆ 16 ಮೀಟರ್ ವೇಗದಿಂದ ಹಾರಿದರೆ, ಅದರ ಪಾಲಿನ ಗಾಳಿಯ ವೇಗ ಸುಮಾರು 18 ಮೀಟರ್; ಎಳೆತ ಐದು ಪಟ್ಟು. ಇದನ್ನು ತೋರಿಕೆಯ ಗಾಳಿ ಎನ್ನುತ್ತಾರೆ. ಚಿಕ್ಕ ಪಟವೊಂದು ಮನುಷ್ಯನನ್ನು ನೀರಿನಿಂದ ಮೇಲಕ್ಕೆ ಹಾರಿಸಬಲ್ಲದಾದರೆ ಅದು ತನ್ನ ಗಾಳಿಯನ್ನು ತಾನೇ ಹೆಚ್ಚಿಸಿಕೊಳ್ಳುವುದರಿಂದ.

ಹಾಗಾದರೆ ಸವಾರನು ಗಾಳಿ ತಳ್ಳಿದತ್ತ ಮಾತ್ರ ಹೋಗಬೇಕೇ? ಹಾಗಿಲ್ಲ. ಒದ್ದೆಯಾದ ಹುಣಸೆಬೀಜವನ್ನು ಎರಡು ಬೆರಳುಗಳ ನಡುವೆ ಒತ್ತಿದರೆ ಅದು ಬೆರಳು ಒತ್ತಿದ ದಿಕ್ಕಿಗೆ ಹೋಗದೆ ಪಕ್ಕಕ್ಕೆ ಚಿಮ್ಮುತ್ತದೆ. ಹಾಗೆಯೇ ಒಂದು ಕಡೆಯಿಂದ ಪಟದ ಎಳೆತ, ಇನ್ನೊಂದು ಕಡೆಯಿಂದ ಹಲಗೆಯ ಅಂಚಿಗೆ ನೀರು ಒಡ್ಡುವ ತಡೆ ಇವೆರಡರ ನಡುವೆ ಸಿಕ್ಕಿದ ಸವಾರನು ಗಾಳಿಗೆ ಅಡ್ಡಲಾಗಿ ಸಾಗುತ್ತಾನೆ.

ಅಲೆಯ ಪರೀಕ್ಷೆ

ಇಲ್ಲಿಯವರೆಗಿನದು ಪ್ರಥಮ ಪಾಠ. ನುರಿತವರ ಪರೀಕ್ಷೆ ನಡೆಯುವುದು ಅಲೆಯ ಮೇಲೆ. ಅದನ್ನು ಕಾಣಲು ನಮ್ಮ ಬಯಲನ್ನೇ ನೆನಪಿಗೆ ತರುವ ಒಂದು ದ್ವೀಪಕ್ಕೆ ಹೋಗೋಣ. ಆಫ್ರಿಕದ ಪಶ್ಚಿಮ ಕರಾವಳಿಯಿಂದ ಸುಮಾರು 600 ಕಿಲೋಮೀಟರ್ ಆಚೆ ಅಟ್ಲಾಂಟಿಕ್ ಸಾಗರದಲ್ಲಿ ಕೇಪ್ ವರ್ಡ್ ದ್ವೀಪಗಳಿವೆ. ಅವುಗಳಲ್ಲಿ ಸಾಲ್ ಎಂಬುದು ಚಪ್ಪಟೆಯಾದ, ಮಳೆಯಿಲ್ಲದ, ಗಾಳಿ ಬಡಿಯುವ ನಾಡು. ಹೆಸರಿನ ಅರ್ಥವೇ ಉಪ್ಪು. ಕೂಡ್ಲಿಗಿ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದರೆ ಸಾಲ್ ಇರುವುದು 17 ಡಿಗ್ರಿಯ ಸಮೀಪದಲ್ಲಿ. ಅಲ್ಲಿನ ಪೊಂತಾ ಪ್ರೇತಾ ಎಂಬ ಕರಿಬಂಡೆಗಳ ತೀರ ಅಲೆಸವಾರರಿಗೆ ತೀರ್ಥಕ್ಷೇತ್ರ. ಆ ದ್ವೀಪದ ಮಿತು ಮೊಂತೇರು 2008ರಲ್ಲಿ ಅಲೆಯ ವಿಭಾಗದ ವಿಶ್ವಚಾಂಪಿಯನ್ ಆದನು.

ಅಲ್ಲಿ ಗಾಳಿ ಒಂದು ಕಡೆಯದು, ಅಲೆ ಇನ್ನೊಂದು ಕಡೆಯದು. ಗಾಳಿಯು ಈಶಾನ್ಯದ ವಾಣಿಜ್ಯಮಾರುತ. ಅಲೆಗಳಾದರೋ ಉತ್ತರ ಅಟ್ಲಾಂಟಿಕಿನ ಚಳಿಗಾಲದ ಬಿರುಗಾಳಿಗಳಲ್ಲಿ ಹುಟ್ಟಿ, ದಿನಗಟ್ಟಲೆ ಪ್ರಯಾಣ ಮಾಡಿ ಬಂದವು. 12 ಸೆಕೆಂಡುಗಳಿಗೊಮ್ಮೆ ಬರುವ ಅಲೆಯ ಆಕಾರವು ಆಳವಾದ ನೀರಿನಲ್ಲಿ ಸೆಕೆಂಡಿಗೆ ಸುಮಾರು 19 ಮೀಟರ್ ವೇಗದಿಂದ ಓಡುತ್ತದೆ. ದಡದ ಬಳಿ ಆಳ 3 ಮೀಟರಿಗೆ ಇಳಿದಾಗ ವೇಗ 5.4 ಮೀಟರಿಗೆ ಕುಗ್ಗುತ್ತದೆ. ಹಿಂದಿನಿಂದ ಬರುವ ಶಕ್ತಿಗೆ ಎಡೆ ಸಾಲದೆ ಅಲೆ ಎತ್ತರವಾಗುತ್ತದೆ. ಎತ್ತರವು ಆಳದ ಐದರಲ್ಲಿ ನಾಲ್ಕು ಪಾಲಿಗೆ ಸಮೀಪಿಸಿದಾಗ ಅದು ಮುಗ್ಗರಿಸಿ ಒಡೆಯುತ್ತದೆ. ಸವಾರನಿಗೆ ಬೇಕಾದದ್ದು ಒಡೆಯುವ ಅಂಚಿನ ಮುಂದಿರುವ ಆ ನುಣುಪಾದ ಇಳಿಜಾರು.

ಈ ಇಳಿಜಾರಿನಲ್ಲಿಯೇ ಕಷ್ಟವಿದೆ. ಸವಾರನು ಅಲೆಯೊಡನೆ ಇಳಿಯುತ್ತ ಗಾಳಿಯ ದಿಕ್ಕಿಗೆ ತಿರುಗಿ, ಸೆಕೆಂಡಿಗೆ 5 ಮೀಟರ್ ವೇಗದಿಂದ ಪಟದತ್ತ ಓಡಿದನೆನ್ನೋಣ. 8 ಮೀಟರಿನ ಗಾಳಿ ಅವನ ಪಾಲಿಗೆ 3 ಮೀಟರ್ ಆಯಿತು. ಎಳೆತವು ಏಳರಲ್ಲೊಂದು ಪಾಲಿಗೆ ಇಳಿಯಿತು. 35 ಕಿಲೋಗ್ರಾಂ ಇದ್ದದ್ದು 5 ಕಿಲೋಗ್ರಾಂ! ಹುರಿ ಸಡಿಲವಾಯಿತು. ಪಟ ನೀರಿಗೆ ಬಿದ್ದರೆ ಹಿಂದಿನಿಂದ ಅಲೆ, ಸುತ್ತಲೂ ಹುರಿಯ ಬಲೆ, ಮುಂದೆ ಬಂಡೆ. ಆದುದರಿಂದ ಅಲೆಗೆಂದೇ ಮಾಡಿದ ಪಟಗಳು ಚಿಕ್ಕವು, ಹಗುರವಾದವು. ಹುರಿ ಸಡಿಲವಾದರೂ ಬೀಳದೆ ಗಾಳಿಯೊಡನೆ ಹಿಂದೆ ತೇಲುವಂಥವು. ಸವಾರನು ಹಲಗೆಯನ್ನು ತಿರುಗಿಸುವ ಮೊದಲೇ ಪಟವನ್ನು ತಿರುಗಿಸಿರಬೇಕು. ಅನಂತರ ಅದನ್ನು ಮರೆತು, ಅಲೆಯ ಶಕ್ತಿಯಿಂದಲೇ ಸಾಗಬೇಕು. ಪಟದ ಎಳೆತವನ್ನು ಪ್ರಯೋಗಿಸುವುದಕ್ಕಿಂತ ಅದನ್ನು ಬಿಟ್ಟಿರುವುದೇ ಇಲ್ಲಿ ಪ್ರೌಢಿಮೆ.

ಬಿಡುವ ವಿದ್ಯೆ

ಪೊಂತಾ ಪ್ರೇತಾದಲ್ಲಿ ಗಾಳಿ ನೆಲದಿಂದ ಕಡಲಿನತ್ತ ಓರೆಯಾಗಿ ಬೀಸುತ್ತದೆ. ಪಟ ಕೆಟ್ಟವನು ದಡಕ್ಕೆ ಬರುವುದಿಲ್ಲ, ಸಾಗರಕ್ಕೆ ಹೋಗುತ್ತಾನೆ. ನಮ್ಮ ಕರಾವಳಿಯ ಅಪಾಯ ಇದಕ್ಕೆ ವಿರುದ್ಧವಾದದ್ದು. ಮುಂಗಾರಿನಲ್ಲಿ ಗಾಳಿ ನೇರವಾಗಿ ದಡಕ್ಕೆ ಹೊಡೆಯುತ್ತದೆ, ಅಲೆಗಳಿಗೆ ಕ್ರಮವಿಲ್ಲ, ಪಟವು ಸವಾರನನ್ನು ಕಲ್ಲು ಮರಗಳ ಮೇಲೆ ಎಳೆಯುತ್ತದೆ. ಯಂತ್ರದೋಣಿಗಳ ಮೀನುಗಾರಿಕೆಯನ್ನೇ ಕರ್ನಾಟಕದಲ್ಲಿ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ನಿಲ್ಲಿಸುತ್ತಾರೆ. ಮಂಗಳೂರಿನ ಬಳಿಯ ಸಸಿಹಿತ್ಲುವಿನಲ್ಲಿ 2016ರಿಂದ ರಾಷ್ಟ್ರಮಟ್ಟದ ಅಲೆಸವಾರಿಯ ಪಂದ್ಯಗಳು ನಡೆದಿರುವುದು ಮುಂಗಾರಿನ ಮುನ್ನ, ಅದೂ ಪಟವಿಲ್ಲದ ಬರಿಯ ಹಲಗೆಯ ಮೇಲೆ. ನಮ್ಮ ದೇಶದಲ್ಲಿ ರಾಮೇಶ್ವರದ ಸುತ್ತಿನ ಆಳವಿಲ್ಲದ ನೀರಿನಲ್ಲಿ ಪಟದ ಸವಾರಿಯನ್ನು ಕಲಿಸುವ ಶಾಲೆಗಳಿವೆ. ಅಲ್ಲಿಯೂ ನಮ್ಮಲ್ಲಿಯಂತೆಯೇ ನೈಋತ್ಯ ಮಾರುತ ಹೆಚ್ಚು ಮಳೆಯಿಲ್ಲದೆ ಬೀಸುತ್ತದೆ.

ಆ ಶಾಲೆಗಳ ಮೊದಲ ಪಾಠ ಹಿಡಿಯುವುದಲ್ಲ, ಬಿಡುವುದು. ಹಿಡಿಕೋಲಿನ ಕೊಂಡಿಯನ್ನು ಒಮ್ಮೆ ನೂಕಿದರೆ ಪಟವು ಒಂದೇ ಹುರಿಗೆ ಜೋತುಬಿದ್ದು, ಗಾಳಿಗೆ ಎದೆಯೊಡ್ಡದೆ ಬಾವುಟದಂತೆ ಪಟಪಟಿಸುತ್ತದೆ. ಆಗಲೂ ಎಳೆತ ನಿಲ್ಲದಿದ್ದರೆ ಎರಡನೆಯ ಕೊಂಡಿಯನ್ನು ಕಳಚಿ ಪಟವನ್ನೇ ತೊರೆಯಬೇಕು. ಬೆಲೆಬಾಳುವ ಪಟವೆಂದು ಹಿಂಜರಿಯುವವನಿಗೆ ವರ್ಗಸಂಖ್ಯೆಯು ಯೋಚಿಸಲು ವೇಳೆ ಕೊಡುವುದಿಲ್ಲ.

ಬಯಲಿನಲ್ಲೊಂದು ಪ್ರಯೋಗ

ಕಡಲಿಲ್ಲವೆಂದು ನಮ್ಮ ವಿದ್ಯಾರ್ಥಿಗಳು ಕೊರಗಬೇಕಾಗಿಲ್ಲ. ಶಾಲೆಯ ಪ್ರಯೋಗಶಾಲೆಯಿಂದ ಒಂದು ಸ್ಪ್ರಿಂಗ್ ತಕ್ಕಡಿಯನ್ನು ಉಪಾಧ್ಯಾಯರ ಅನುಮತಿಯಿಂದ ತನ್ನಿ. ವಿದ್ಯುತ್ ತಂತಿಗಳಿಲ್ಲದ ಬಯಲಿನಲ್ಲಿ ಸಾಧಾರಣ ನೂಲಿನಿಂದ ಪಟ ಹಾರಿಸಿ, ನೂಲನ್ನು ತಕ್ಕಡಿಯ ಕೊಕ್ಕೆಗೆ ಕಟ್ಟಿ. ಗಾಜಿನ ಪುಡಿ ಹಚ್ಚಿದ ದಾರವಾಗಲಿ ಲೋಹದ ತಂತಿಯಾಗಲಿ ಬೇಡ. ನಿಂತಲ್ಲಿಯೇ ಎಳೆತವನ್ನು ಓದಿರಿ. ಪಟದತ್ತ ನಡೆಯುತ್ತ ಓದಿರಿ. ಪಟಕ್ಕೆ ಬೆನ್ನಾಗಿ ನಡೆಯುತ್ತ ಓದಿರಿ. ಪಟವು ಅಡ್ಡಲಾಗಿ ಧಾವಿಸುವಾಗ ಮುಳ್ಳು ಎಲ್ಲಿಗೆ ಏರುವುದೆಂದು ಗುರುತು ಹಾಕಿಕೊಳ್ಳಿ. ಗಾಳಿ ಒಂದೇ ಸಮನಾಗಿ ಬೀಸುವುದಿಲ್ಲವಾದ್ದರಿಂದ ಪ್ರತಿಯೊಂದನ್ನೂ ಹತ್ತು ಸಲ ಮಾಡಿ ಸರಾಸರಿ ತೆಗೆಯಬೇಕು.

ಪಟದತ್ತ ನಾಲ್ಕು ಹೆಜ್ಜೆ ಇಟ್ಟಾಗ ಮುಳ್ಳು ಕೆಳಗಿಳಿಯುವುದನ್ನು ಕಂಡ ಹಡಗಲಿಯ ಬಾಲಕನು, ಪೊಂತಾ ಪ್ರೇತಾದ ಸವಾರನು ಅಲೆಯ ಇಳಿಜಾರಿನಲ್ಲಿ ಎದುರಿಸುವ ಸಮಸ್ಯೆಯನ್ನು ಒಣನೆಲದ ಮೇಲೆಯೇ ಅಳೆದಂತಾಯಿತು. ಮುಂದೆಂದಾದರೂ ಅವನು ಕಡಲಿಗೆ ಹೋದರೆ, ಗಾಳಿಯನ್ನು ನೋಡಿ ನೀರಿಗಿಳಿಯಬೇಕೇ ದಡದಲ್ಲಿ ನಿಲ್ಲಬೇಕೇ ಎಂಬುದನ್ನು ಲೆಕ್ಕ ಹಾಕಿ ನಿರ್ಧರಿಸಬಲ್ಲನು.